ಮುಂಚೆಯೇ ಬರೆದಿಟ್ಟ ಆರು ಕಾಗದಗಳು

ನಮಗೆ ಇರಲು ಕೊಟ್ಟ ಮನೆಯ ಒಲೆಯ ಮೇಲೆ ಅನ್ನವಿತ್ತು. ಇನ್ನೂ ಹಳಸಿರಲಿಲ್ಲ. ಜಾಫ್ನಾ ಎಂದು ನಾವು ಕರೆಯುವ ಯಾಳ್ಪಾಣದ ಆ ಮನೆಯವರು ಬೆಳಿಗ್ಗೆಯಷ್ಟೇ ಓಡಿಹೋಗಿರಬೇಕು. ಆ ಅನ್ನವನ್ನು ಚೆಲ್ಲಿದೆವೋ ತಿಂದೆವೋ ನೆನಪಿಲ್ಲ. ನೆನಪಿಲ್ಲ ಎನ್ನುವುದು ಅನುಕೂಲದ ಮಾತೂ ಇರಬಹುದು.

ಎಂಬತ್ತರ ದಶಕದ ಕೊನೆ. ಶಾಂತಿ ಕಾಯಲೆಂದು ಲಂಕೆಗೆ ಹೊರಟ ಭಾರತದ ಸೈನ್ಯದ ಜೊತೆ ಸಮುದ್ರ ದಾಟಿದ ನಾನು ಶಿಡ್ಲಘಟ್ಟದ ಹತ್ತಿರದ ಮೇಲೂರಿನವನು. ಜಾಫ್ನಾದ ಮಣ್ಣು ನಮ್ಮ ಹೊಲದಷ್ಟೇ ಕೆಂಪಗಿತ್ತು. ಅದೇ ನನ್ನನ್ನು ಹೆದರಿಸಿತು. ನಮ್ಮಲ್ಲಿ ಬೇಲಿಯಾಚೆ ಯಾರಿದ್ದಾರೆಂದು ಕಾಣುತ್ತದೆ. ಅಲ್ಲಿ ಆಳೆತ್ತರದ ತಾಳೆಗರಿಯ ‘ವೇಲಿ’. ಅದರ ಹಿಂದೆ ಅಜ್ಜಿಯೂ ಇರಬಹುದು, ಬಂದೂಕೂ ಇರಬಹುದು. ಪಕ್ಕದ ಮನೆಯ ಮುದುಕಿಯನ್ನು ‘ತಣ್ಣಿ’ ಎಂದು ನೀರು ಕೇಳಿ ಪಡೆದ ದಿನ ಏನೋ ಗೆದ್ದಂತೆ ಬೀಗಿದೆ. ಆಕೆ ಚೊಂಬು ಕೊಟ್ಟಳು, ಕಣ್ಣೆತ್ತಲಿಲ್ಲ.

ನನ್ನ ಕಾಗದ ಎರಡು ವಾರ ತಡವಾದರೆ ಊರಲ್ಲಿ ಅಮ್ಮ ಊಟ ಬಿಡುತ್ತಿದ್ದಳು. ಟಪಾಲು ಹೋಗದ ಜಾಗಕ್ಕೆ ಒಂದೂವರೆ ತಿಂಗಳು ನಮ್ಮನ್ನು ಕಳಿಸುತ್ತಾರೆಂದು ತಿಳಿದಾಗ ಆರು ಕಾಗದ ಮುಂಚೆಯೇ ಬರೆದೆ. ವಾರಕ್ಕೊಂದು ಟಪಾಲಿಗೆ ಹಾಕಲು ನಮ್ಮ ಪಡೆಯ ಗುಮಾಸ್ತೆ ಅನ್ವರ್‌ಗೆ ಕೊಟ್ಟೆ. ಅವನೂ ಶಿಡ್ಲಘಟ್ಟದವನೇ. ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳು ಸಾಕಿದ್ದರು. ಲೆಕ್ಕ ನನಗೆ ಬಾಯಿಪಾಠ: ಮೂರನೇ ಕಾಗದದ ಹೊತ್ತಿಗೆ ಹುಳು ಗೂಡು ಕಟ್ಟುತ್ತವೆ, ನಾಲ್ಕನೆಯದಕ್ಕೆ ಗೂಡು ಮಾರುಕಟ್ಟೆಗೆ. ‘ಬೆಳೆ ಚೆನ್ನಾಗಿ ಬಂತೆಂದು ತಿಳಿದು ಸಂತೋಷವಾಯಿತು’ ಎಂದು ನಾಲ್ಕನೆಯದರಲ್ಲಿ ಬರೆದೆ.

“ಏನಪ್ಪ, ಹುಳಕ್ಕೂ ನೀನೇ ಡ್ಯೂಟಿ ಹಾಕ್ತೀಯಾ?” ಎಂದು ಅನ್ವರ್ ನಕ್ಕ.

ವಾಪಸು ಬಂದಾಗ ಅವನು ನಗಲಿಲ್ಲ. ಎರಡು ಕಾಗದ ಕೈಗಿಟ್ಟ. ಮೊದಲನೆಯದರಲ್ಲಿ, ಹುಳುವೆಲ್ಲ ಸತ್ತವೆಂದು ತಂಗಿ ಮಂಜುಳ ಬರೆದಿದ್ದಳು. ಅದಕ್ಕೆ ಉತ್ತರವೆಂಬಂತೆ ಮನೆ ತಲುಪಿದ್ದು ನನ್ನ ನಾಲ್ಕನೇ ಕಾಗದದ ಸಂತೋಷ. ಎರಡನೆಯದು ಅಮ್ಮ ಹೇಳಿ ಬರೆಸಿದ್ದು:

“ಕಾಗದ ಬರೀತಿರೋ ಅಣ್ಣಾವ್ರಿಗೆ. ನೀವ್ಯಾರೋ ಪುಣ್ಯಾತ್ಮರು. ನಮ್ಮ ಹುಳ ಸುಣ್ಣಕಟ್ಟು ರೋಗ ಬಂದು ಬಿಳೀ ಕಡ್ಡಿ ಆಗಿ ಸತ್ತೋದ್ವು. ನನ್ನ ಮಗ ಇದ್ದಿದ್ರೆ ಇಂಗೆ ಬರೀತಿರ್ಲಿಲ್ಲ. ಅವ್ನು ಬದ್ಕವ್ನೋ ಇಲ್ವೋ, ಅದೊಂದು ಹೇಳ್ಬುಡಿ.”

ಅಮ್ಮ ನನ್ನನ್ನು ‘ನೀವು’ ಎಂದಿದ್ದಳು.

“ಇನ್ನೆರಡೂ ಹಾಕ್ಬಿಟ್ಟಿದೀನಿ ಕಣೋ,” ಎಂದ ಅನ್ವರ್. “ಈಗ್ಲೇ ಬರಿ.”

ಏನು ಬರೆಯಲಿ? ಅಕ್ಷರ ಅದೇ, ಸಹಿ ಅದೇ. ಇನ್ನೂ ಎರಡು ಸಂತೋಷದ ಕಾಗದಗಳು ನನಗಿಂತ ಮುಂದೆ ಹೊರಟಿದ್ದವು. ‘ಅಮ್ಮ, ನಾನೇ. ರೋಗ ಹೋಗಲು ಹುಳದ ತಟ್ಟೆಗಳನ್ನು ಬಿಸಿಲಿಗೆ ಹಾಕಿದಿರಾ?’ ಎಂದು ಬರೆದೆ. ಉತ್ತರಕ್ಕೆ ಕಾದ ದಿನಗಳಲ್ಲಿ ವೇಲಿಯ ಒಂದು ಗರಿ ಅಲುಗಿದರೂ, ಈಗ ಸತ್ತರೆ ಅಮ್ಮ ಅಂದುಕೊಂಡದ್ದೇ ನಿಜವಾಗುತ್ತದೆ ಎನಿಸುತ್ತಿತ್ತು.

ಬಂದದ್ದು ಒಂದೇ ಸಾಲು: “ಎಡಗಾಲಿನ ಗಾಯ ಎಂಗಾಯ್ತು?”

ಚಿಕ್ಕಂದಿನ ಆ ಗಾಯ ಹುಳಕ್ಕೆ ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಆದದ್ದೆಂದು ನನ್ನ ನೆನಪು. ರಕ್ತ ಬಿದ್ದ ಎಲೆ ಕೂಡ ಕಣ್ಣಿಗೆ ಕಟ್ಟಿದೆ. ಬಾವಿ ಮೆಟ್ಟಿಲಲ್ಲಿ ಜಾರಿದೆನೆಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಬದುಕಿರುವ ಮಗ ಯಾವುದನ್ನು ಬರೆಯಬೇಕು? ಬಾವಿ ಎಂದು ಬರೆದೆ. ಮುಂದಿನ ಕಾಗದ ‘ಉಂಡ್ಯೇನಪ್ಪ’ ಎಂದು ಶುರುವಾಯಿತು. ನನ್ನ ನೆನಪನ್ನು ಬಿಟ್ಟುಕೊಟ್ಟು ನಾನು ಬದುಕಿ ಉಳಿದೆ.

ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಟ್ರಂಕಿನಿಂದ ಎರಡು ಕಟ್ಟು ತೆಗೆದಳು. ಚಿಕ್ಕದರಲ್ಲಿ ಆ ಆರು ಕಾಗದ ಮಾತ್ರ. ದೊಡ್ಡದನ್ನು ಮುಟ್ಟಿ ಹೇಳಿದಳು:

“ಇವು ನಿನ್ನವು. ಅವು ಆವತ್ತು ಬರೀತಿದ್ದ ಆಯಪ್ಪಂದು.”

“ಎಲ್ಲಾ ನಾನೇ ಬರ್ದಿದ್ದು ಕಣಮ್ಮ.”

“ಗೊತ್ತು, ಸುಮ್ಕಿರು.” ದಾರ ಬಿಗಿಯುತ್ತಾ, ನನ್ನ ಮುಖ ನೋಡದೆ ಕೇಳಿದಳು: “ಆಯಪ್ಪ ಎಂಗವ್ನೆ?”

ನಕ್ಕುಬಿಡೋಣ ಎಂದುಕೊಂಡೆ.

“ಇನ್ನೂ ಜಾಫ್ನಾದಲ್ಲೇ ಅವ್ನೆ ಕಣಮ್ಮ,” ಎಂದೆ.