ಗಡ್ಡ ಬಿಟ್ಟ ಪಿಂಗಾಣಿ

ಅಮರೇಶಪ್ಪನವರ ಹತ್ತು ಬೆರಳುಗಳ ಹಣೆಯಲ್ಲಿ ದೇವರು ರಜೆಯನ್ನೇ ಬರೆದಿರಲಿಲ್ಲ. ಬಸ್ಸಿನಲ್ಲಿ ಕೂತರೆ ಅವು ಸೀಟಿನ ರೆಕ್ಸಿನ್ ಸುಲಿಯುತ್ತಿದ್ದವು. ಮದುವೆಗೆ ಹೋದರೆ ಪಕ್ಕದವರ ಹಾರದ ಎಸಳು ಬಿಡಿಸುತ್ತಿದ್ದವು. ದಿಲ್‌ಸುಖ್‌ನಗರದ ಅವರ ಮನೆಯಲ್ಲಿ ಅಂಚು ಬಿಚ್ಚದ ಟವೆಲು ಒಂದೂ ಉಳಿದಿರಲಿಲ್ಲ. ದೇವದುರ್ಗದಿಂದ ಬಂದು ಸರ್ಕಾರಿ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿ, ತಲೆ ನರೆತರೂ ಈ ಬೆರಳುಗಳಿಗೆ ಮಾತ್ರ ವಯಸ್ಸಾಗಲಿಲ್ಲ.

ಅವರ ಸಾಮ್ರಾಜ್ಯವೆಂದರೆ ಒಂದು ಕೋಣೆ, ಅದರಲ್ಲೊಂದು ಕುಲುಮೆ. ಸೈನ್ಯವೆಂದರೆ ಬೀದರ ಕಡೆಯ ಕಿರಿಯ ವಿಜ್ಞಾನಿ ಶಿವಾನಂದ ಒಬ್ಬನೇ. ಶತ್ರು ಕಣ್ಣಿಗೆ ಕಾಣದ್ದು. ಪಿಂಗಾಣಿ ಎಷ್ಟು ಗಟ್ಟಿಯೋ ಅಷ್ಟೇ ಹಟಮಾರಿ. ಬಿರುಕು ಬಿಟ್ಟರೆ ಬಿಸ್ಕತ್ತಿನಂತೆ ಥಟ್ಟನೆ ಎರಡು. ಅದಕ್ಕೆಂದೇ ಅದರೊಳಗೆ ಕೂದಲಿಗಿಂತ ತೆಳುವಾದ ಎಳೆಗಳನ್ನು ಹೂಳುತ್ತಾರೆ. ಬಂದ ಬಿರುಕು ಎಳೆಯ ಮೈಗುಂಟ ಸುತ್ತುದಾರಿ ಹಿಡಿದು ದಣಿಯಬೇಕು, ಎಳೆ ಜಾರಿ ಹೊರಬರಬೇಕು. ಆದರೆ ಕುಲುಮೆಯ ಕಾವಿನಲ್ಲಿ ಎಳೆಯೂ ಪಿಂಗಾಣಿಯೂ ಒಂದರೊಡನೊಂದು ವರ್ತಿಸಿ ಬೆಸೆದುಕೊಂಡುಬಿಟ್ಟರೆ ಬಿರುಕಿಗೆ ರಾಜಮಾರ್ಗ ಸಿಕ್ಕಂತೆ. ಆ ಬೆಸುಗೆ ತಡೆಯಲು ಎಳೆಗಳಿಗೆ ತೆಳ್ಳನೆಯ ಇಂಗಾಲದ ಲೇಪ ಕೊಡುವುದೇ ಅಮರೇಶಪ್ಪನವರು ವರ್ಷಗಟ್ಟಲೆ ನಡೆಸಿದ್ದ ಮಹಾಯುದ್ಧ. ಗೆದ್ದರೆ ಮುರಿದ ತುಂಡಿನ ಬಾಯಲ್ಲಿ ಎಳೆಗಳು ಗಡ್ಡದಂತೆ ಚಾಚಿಕೊಂಡಿರುತ್ತವೆ. ಸೋತರೆ ನುಣ್ಣನೆಯ ಕೆನ್ನೆ.

ಊರಾಚೆಯ ಗಚ್ಚಿಬೌಲಿಯಲ್ಲಿ ಬಂಡೆ ಒಡೆದು ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಪ್ರಯೋಗಾಲಯದ ಹುಡುಗರೆಲ್ಲ ಅತ್ತ ಹಾರುತ್ತಿದ್ದರು. ಉಳಿದವರಿಗೆ ಕಂಪ್ಯೂಟರ್ ಹಾಲ್ ಬೇಕಿತ್ತು. ಅದಕ್ಕೆ ಅಮರೇಶಪ್ಪನವರ ಕೋಣೆಯೇ ಆಗಬೇಕಿತ್ತು. ಪರಿಶೀಲನಾ ಸಮಿತಿ ಬಂದು ಲೇಪವನ್ನು ಒಪ್ಪಿದರೆ ಕುಲುಮೆ ಉಳಿಯುತ್ತದೆ, ಇಲ್ಲವಾದರೆ ಗುಜರಿಗೆ ಎಂದು ನಿರ್ದೇಶಕರು ಹೇಳಿಬಿಟ್ಟಿದ್ದರು. ಪುಣ್ಯಕ್ಕೆ, ಹಿಂದಿನ ವಾರ ಮುರಿದು ನೋಡಿದ ಪಿಂಗಾಣಿ ಪಟ್ಟಿಯೊಂದಕ್ಕೆ ಪೊದೆಯಂಥ ಗಡ್ಡ ಬಂದಿತ್ತು.

“ಇವತ್ತೊಂದ ದಿವ್ಸ ಕೈ ಕಿಸೇದಾಗ ಇಟ್ಕೊಂಡಿರ್ರಿ,” ಎಂದರು ಹೆಂಡತಿ ಉಮಾಬಾಯಿ, ಸಮಿತಿ ಬರುವ ದಿನ ಬೆಳಿಗ್ಗೆ ಅಂಗಿಯ ತೋಳಿಗೆ ಗುಂಡಿ ಹಚ್ಚಿ ದಾರ ಕಡಿಯುತ್ತ.

“ನಾ ಏನ್ ಸಣ್ಣ ಹುಡುಗನೇನು?”

“ಸಣ್ಣ ಹುಡುಗ್ರು ಮಲಗಿದಾಗರ ಸುಮ್ನಿರ್ತಾವ.”

ಸಮಿತಿ ಒಳಗೆ ಚಹಾ ಕುಡಿಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ನಮ್ಮ ವೀರರು, ಮಡಿಲಲ್ಲಿ ಕರ್ಚೀಫು, ಕರ್ಚೀಫಿನಲ್ಲಿ ಮುರಿದ ತುಂಡು. ಒಳಗಿಂದ ಕರೆ ಬರಲಿಲ್ಲ. ಒಂದು ಎಳೆ ಉಳಿದವಕ್ಕಿಂತ ಉದ್ದ ಕಂಡಿತು, ಕಿತ್ತರು. ಈಗ ಪಕ್ಕದ್ದು ಉದ್ದ ಕಂಡಿತು. ಅದನ್ನು ಬಿಟ್ಟರೆ ಅನ್ಯಾಯವಾಗುತ್ತಿತ್ತು.

ಶಿವಾನಂದ ಬಂದು ಬಗ್ಗಿ ನೋಡಿದ. “ಗಡ್ಡ ಎಲ್ಲೈತ್ರಿ ಸರ್?”

ಅಮರೇಶಪ್ಪನವರು ತಮ್ಮ ಪ್ಯಾಂಟು ನೋಡಿಕೊಂಡರು. ಕ್ಷೌರದಂಗಡಿಯ ನೆಲದಂತಿತ್ತು. “ಸ್ವಲ್ಪ ಟ್ರಿಮ್ ಆಗೇತಿ.”

“ಟ್ರಿಮ್ ಅಲ್ರಿ, ಪೂರಾ ಶೇವಿಂಗ್ ಆಗೇತಿ. ಇದನ್ನ ನೋಡಿದ್ರ ಲೇಪನ ಹತ್ತಿಲ್ಲ ಅಂತಾರ.”

“ಫೋಟೋ ಅದಾವಲ್ಲ.”

“ಆ ಸಮಿತಿ ಅಧ್ಯಕ್ಷರು ಫೋಟೋ ನಂಬಂಗಿಲ್ರಿ. ಕೈಯಾಗ ಕೊಡು ಅಂತಾರ.”

ಉಳಿದದ್ದು ಮುರಿಯದ ಪಟ್ಟಿಯೊಂದೇ. ಅದೂ ಕುಲುಮೆಯ ಅತಿ ಬಿಸಿ ಮೂಲೆಯಲ್ಲಿ ಬೆಂದದ್ದು. ಒಳಗೆ ಎಳೆ ಬೆಸೆದುಕೊಂಡಿದೆಯೋ ಇಲ್ಲವೋ ಮುರಿಯದೆ ತಿಳಿಯದು. ಮುರಿಯುವುದಾದರೆ ಸಮಿತಿಯ ಎದುರೇ ಮುರಿಯಬೇಕು.

ಕರೆ ಬಂದಾಗ ಶಿವಾನಂದ ಸಮಿತಿಯ ಎದುರು ಪಟ್ಟಿಯನ್ನು ಬಾಗಿಸಿ ಮುರಿಯುವ ಯಂತ್ರಕ್ಕೆ ಕೊಟ್ಟ. “ನೀವು ಕೈ ಮ್ಯಾಲೆ ಕುಂಡ್ರ್ರಿ ಸರ್,” ಎಂದು ಕಿವಿಯಲ್ಲಿ ಹೇಳಿದ. ಅಮರೇಶಪ್ಪನವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಬಂಧಿಸಿಟ್ಟರು. ಯಂತ್ರ ಒತ್ತಿತು. ಪಟ್ಟಿ ಬಾಗಿತು. ಥಟ್ ಎನ್ನುವ ಆ ಹಾಳು ಸದ್ದಿಗಾಗಿ ಅವರ ಕಿವಿ ನಿಮಿರಿತ್ತು. ಬಂದದ್ದು ಕರಕರ. ಮತ್ತೆ ಕರಕರ. ಬಿರುಕು ಒಳಗೆ ದಾರಿ ತಪ್ಪಿ ಅಲೆಯುತ್ತಿತ್ತು. ಕೊನೆಗೆ ಪಟ್ಟಿ ಬಿರಿಯಿತು, ಆದರೆ ಬೇರೆಯಾಗಲಿಲ್ಲ. ಎರಡು ಭಾಗಗಳು ಎಳೆಗಳ ಮೇಲೆ ಜೋತುಬಿದ್ದವು.

ಅಧ್ಯಕ್ಷರು ಕೈಯಾರೆ ಜಗ್ಗಿ ಬಿಡಿಸಿದರು. ಭರ್ಜರಿ ಗಡ್ಡ. ಬೆರಳಿಂದ ಸವರಿದರು. ಒಂದು ಎಳೆ ಕಿತ್ತರು. ಆಮೇಲೆ ಪಕ್ಕದ್ದು. ಕಣ್ಣೆದುರೇ ಇನ್ನೊಬ್ಬರು ಆ ಸುಖ ಉಣ್ಣುತ್ತಿದ್ದರೆ ನಮ್ಮ ವೀರರು ಕೈ ಮೇಲೆ ಕೂತೇ ಬೆವರಿದರು.

“ಭಟ್ಟಿ ರಹನೇ ದೋ,” ಎಂದು ಕುಲುಮೆಯನ್ನು ಉಳಿಸಿಕೊಟ್ಟರು ಅಧ್ಯಕ್ಷರು, ಮೂರನೆಯ ಎಳೆಗೆ ಕೈ ಹಾಕುತ್ತ. ಕಂಪ್ಯೂಟರ್ ಹಾಲಿಗೆ ಬೇರೆ ಕೋಣೆ ನೋಡುವುದಾಗಿ ನಿರ್ದೇಶಕರು ತಲೆಯಾಡಿಸಿದರು.

ಸಂಜೆ ಉಮಾಬಾಯಿ ಗಂಡನ ಬಲಗೈ ಬೆಳಕಿಗೆ ಹಿಡಿದು, ಬೆರಳಲ್ಲಿ ನೆಟ್ಟಿದ್ದ ಎಳೆಗಳನ್ನು ಸೂಜಿಯಿಂದ ತೆಗೆಯುತ್ತಿದ್ದರು.

“ಕುಲುಮಿ ಉಳೀತ?”

“ಉಳೀತು.”

“ಹಂಗಾರ ಕೈ ಅಲುಗಸಬ್ಯಾಡ್ರಿ.”

ಬಲಗೈ ಅಲುಗಲಿಲ್ಲ. ಎಡಗೈಗೆ ಚಾಪೆಯ ಅಂಚು ಸಿಕ್ಕಿತ್ತು.