ಮುಳ್ಳುಬೇಲಿ ಸರಿಸಿದ ಹೊರಬೀಡು

ಕೊಟ್ಟೂರು ಸೀಮೆಯ ಕೆಲವು ಹಳ್ಳಿಗಳಲ್ಲಿ ಹೊರಬೀಡು ಅಂತ ಒಂದು ಆಚರಣೆ ಇದೆ. ನಮ್ಮೂರಲ್ಲೂ ಇದೆ. ಅವತ್ತು ಹೊತ್ತು ಮೂಡುವ ಮೊದಲೇ ಜನ, ದನ, ಕೋಳಿ ಎಲ್ಲ ಊರು ಬಿಟ್ಟು, ಊರಬಾಯಿಗೆ, ಅಂದರೆ ಊರೊಳಗೆ ಬರುವ ದಾರಿಗೆ, ಜಾಲಿಮುಳ್ಳಿನ ಬೇಲಿ ಹಚ್ಚಬೇಕು. ಸಂಜೆತನಕ ಹೊಲದಲ್ಲೇ ಅಡುಗೆ, ಊಟ, ಹರಟೆ. ಲಿಂಗಾಯತರು, ಮುಸ್ಲಿಮರು ಅಂತಿಲ್ಲ, ಒಂದು ಜೀವವೂ ಒಳಗೆ ಉಳಿಯಬಾರದು. ಹಿಂದೆ ಪ್ಲೇಗು ಬಂದು ಊರು ಖಾಲಿಯಾಗಿದ್ದರ ನೆನಪಿಗೆ ಇದು ಅನ್ನುತ್ತಾರೆ. ನನಗಂತೂ ಚಿಕ್ಕಂದಿನಿಂದ ಅದು ಪುಕ್ಕಟೆ ಪಿಕ್‌ನಿಕ್ಕು.

ಹೋದ ಸಲದ ಹೊರಬೀಡಿನ ಹೊತ್ತಿಗೆ ನನ್ನ ಸೋದರತ್ತೆ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಎತ್ತಿ ಅಲುಗಾಡಿಸಿದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು ಹಗರಿಬೊಮ್ಮನಹಳ್ಳಿಯ ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಹಿಂದಿನ ದಿನ ಊರ ಹಿರಿಯರೊಬ್ಬರು ಮನೆಗೆ ಬಂದರು. ಬೇಲಿ ಹಚ್ಚಿಸುವುದು ಅವರ ಜವಾಬ್ದಾರಿ.

"ಒಳಗ ಮಲಗಿರ್ಲಿ ಬಿಡವ್ವ. ನೀರಿಟ್ಟು ಹೊರಗಿಂದ ಚಿಲಕ ಹಾಕು, ಯಾರಿಗೂ ಗೊತ್ತಾಗಂಗಿಲ್ಲ. ಸಂಜಿಮುಂದ ಬರ್ತೀವಲ್ಲ" ಎಂದರು.

ಅತ್ತೆ ನನ್ನ ಸೆರಗು ಹಿಡಿದುಕೊಂಡರು.

"ಚಿಲಕ ಹಾಕಬ್ಯಾಡ. ನಮ್ಮವ್ವಗ ಒಬ್ಬಾಕಿ ಅಕ್ಕ ಇದ್ಲು, ಸಣ್ಣ ಹುಡುಗಿ. ಪ್ಲೇಗಿನ್ಯಾಗ ಬಗಲಾಗ ಗಡ್ಡಿ ಎದ್ದಿತ್ತಂತ. ಹಿಂಗ ನೀರಿಟ್ಟು, ಚಿಲಕ ಹಾಕಿ, ಸಂಜಿಮುಂದ ಬರ್ತೀವಿ ಅಂತ ಹೇಳಿ ಎಲ್ಲಾರೂ ಹೊಲಕ್ಕ ಹೋದ್ರು. ಯಾರೂ ಬರಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಈ ವಿಷಯ ಗೊತ್ತಿರಲಿಲ್ಲ. ದುಃಖಕ್ಕಿಂತ ಮೊದಲು ಸಿಟ್ಟು ನೆತ್ತಿಗೇರಿತು. ನನ್ನ ಬಾಯಿ ಮೊದಲೇ ಜೋರು.

"ಹಂಗಾದ್ರ ನಾನೂ ಹೊರಗ ಬರಂಗಿಲ್ರಿ. ಏನಾಕ್ಕೈತಿ ಆಗ್ಲಿ!"

ಹಿರಿಯರು ಕೆಟ್ಟವರಲ್ಲ. ಹೊಸ್ತಿಲ ಮೇಲೆ ಕೂತು, "ನಾಳೆ ಊರಾಗ ಯಾರಿಗರ ಏನರ ಆದ್ರ ನನ್ನ ತಲಿಮ್ಯಾಲ ಬರ್ತೈತಿ" ಎಂದು ಮುಖ ಒರೆಸಿಕೊಂಡರು. ಅವರೂ ಹೆದರಿದ್ದರು.

ನನ್ನ ಕೂಗಾಟ ಕೇಳಿ ಎದುರುಮನೆಯ ಮೆಕ್ಯಾನಿಕ್‌ನ ಹೆಂಡತಿ ಬಂದಳು. ಸಂಗತಿ ತಿಳಿದು ಬೀದಿಯನ್ನೊಮ್ಮೆ ನೋಡಿದಳು. ನಮ್ಮದು ಊರಬಾಯಿಯ ಕೊನೆಯ ಮನೆ.

"ಅಮ್ಮನ್ನ ಯಾಕ ಎತ್ತಬೇಕ್ರಿ? ಬೇಲಿನ ಒಂದೀಟು ಒಳಗ ಸರಸ್ರಿ. ಈ ಮನಿನ ಊರ ಹೊರಗ ಆಗ್ತೈತಲ್ಲ!"

ಹಿರಿಯರು ಮೀಸೆ ನೀವಿಕೊಂಡರು. "ಮುಳ್ಳು ಇಂಥಾ ಕಡೀನ ಹಚ್ಚಬೇಕಂತ ದೇವ್ರೇನು ಗುರ್ತು ಮಾಡಿಲ್ಲ" ಎಂದು ಎದ್ದರು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ.

ಮರುದಿನ ಬೇಲಿ ನಮ್ಮ ಮನೆ ದಾಟಿ ಒಳಗೆ ನಿಂತಿತು. ಹೊಲಕ್ಕೆ ಹೋಗಬೇಕಾದ ನಮ್ಮ ಓಣಿಯವರೆಲ್ಲ ನಮ್ಮ ಅಂಗಳದಲ್ಲೇ ಒಲೆ ಹೂಡಿದರು. ಹೋಳಿಗೆ, ಕಟ್ಟಿನ ಸಾರು, ಗದ್ದಲವೋ ಗದ್ದಲ. ಯಾರದೋ ಎಮ್ಮೆ ನನ್ನ ಕರಿಬೇವಿನ ಗಿಡವನ್ನು ಪೂರಾ ಮೇಯ್ದು ಮುಗಿಸಿತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಮಲಗಿದ್ದ ಅತ್ತೆ ಎಲ್ಲರನ್ನೂ ಮಾತಾಡಿಸುತ್ತಿದ್ದರು.

ಊಟಕ್ಕೆ ಎಲೆ ಹಾಕುವಾಗ ಅತ್ತೆ, "ನಮ್ಮವ್ವನ ಅಕ್ಕಗೂ ಒಂದು ಹಾಕ್ರಿ" ಎಂದರು. ಹಿರಿಯರೇ ಅತ್ತೆಯ ಮಂಚದ ಪಕ್ಕ ಎಲೆ ಹಾಸಿ, ಹೋಳಿಗೆ ಇಟ್ಟು, ತುಪ್ಪ ಬಡಿಸಿದರು. ಆಮೇಲೆ ಆ ಖಾಲಿ ಜಾಗದ ಮುಂದೆ ಮೊಣಕಾಲೂರಿ ಕೂತು ಮೆಲ್ಲಗೆ ಹೇಳಿದರು:

"ಉಣ್ಣವ್ವ. ನಾವು ಬರೋದು ತಡಾ ಆತು."