ಒಂದೂವರೆ ಮೀಟರ್

ನೌಕಾದಳದ ಆ ನೆಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡ ಅಧಿಕಾರಿಯಿಂದ ಗೇಟು ಕಾಯುವವನವರೆಗೆ ಎಲ್ಲರಿಗೂ ಅವರು ಅಲೆ ಮೇಷ್ಟ್ರು. ಸಮವಸ್ತ್ರವಿಲ್ಲ, ಈಜು ಬರುವುದಿಲ್ಲ, ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಆದರೂ ನಾಳೆ ದಂಡೆಯ ಹತ್ತಿರ ಅಲೆ ಎಷ್ಟೆತ್ತರ ಏಳುತ್ತದೆ ಎಂದು ಅವರು ಹೇಳದೆ ಅಲ್ಲಿ ಒಂದು ಸಣ್ಣ ದೋಣಿಯೂ ಹಗ್ಗ ಬಿಚ್ಚುತ್ತಿರಲಿಲ್ಲ.

ಇಂಥವರ ಕೋಣೆಗೆ ಸಮುದ್ರ ಕಾಣುವ ಒಂದು ಕಿಟಕಿಯೂ ಇರಲಿಲ್ಲವೆಂದರೆ ನಗಬೇಕು ನೀವು. ಗೋಡೆಯಾಚೆ ಲಾರಿಗಳ ಷೆಡ್ಡು. ಒಳಗೆ ಕಂಪ್ಯೂಟರುಗಳ ಗುಂಯ್ ಸದ್ದು, ಕೈ ಸವೆದ ಕುರ್ಚಿ, ಟೀ ಲೋಟದ ಕಲೆ ಬಿದ್ದ ಮೇಜು. ಗಾಳಿ ಎಷ್ಟು, ಎತ್ತಲಿಂದ, ದೂರದ ಬಿರುಗಾಳಿ ತಳ್ಳಿಬಿಟ್ಟ ಅಲೆಗಳು ಯಾವಾಗ ಬಂದು ಮುಟ್ಟುತ್ತವೆ, ತಳದಲ್ಲಿ ಎಲ್ಲಿ ಮರಳದಿಬ್ಬ, ಎಲ್ಲಿ ಆಳ, ಇಷ್ಟನ್ನೂ ಉಣಿಸಿದರೆ ಯಂತ್ರ ಲೆಕ್ಕ ಹಾಕಿ ದಂಡೆಯುದ್ದಕ್ಕೂ ಅಲೆಯ ಎತ್ತರ ಕೊಡುತ್ತಿತ್ತು.

ತಕರಾರು ಇದ್ದದ್ದೇ ಆ ಎತ್ತರದಲ್ಲಿ. ಆ ಕಸುಬಿನವರು ‘ಅಲೆಯ ಎತ್ತರ’ ಎನ್ನುವುದು ಎಲ್ಲಕ್ಕಿಂತ ದೊಡ್ಡ ಅಲೆಯದ್ದಲ್ಲ. ಏಳುವ ಅಲೆಗಳಲ್ಲಿ ದೊಡ್ಡವಾದ ಮೂರರಲ್ಲೊಂದು ಪಾಲನ್ನು ಆರಿಸಿ, ಅವುಗಳ ಸರಾಸರಿ ತೆಗೆದದ್ದು. ಒಂದೂವರೆ ಮೀಟರ್ ಎಂದ ದಿನ ಯಾವುದೋ ಒಂದು ಪುಂಡ ಅಲೆ ಹತ್ತಿರ ಹತ್ತಿರ ಮೂರು ಮೀಟರಿಗೂ ಎದ್ದೀತು. ಹೊಸಬರು ಬಂದಾಗಲೆಲ್ಲ ಮೇಷ್ಟ್ರು ಹೇಳುತ್ತಿದ್ದರು: “ಸರಾಸರಿ ಮೊಣಕಾಲುದ್ದ ನೀರು ಅಂತ ಹೆಂಡ್ತಿ ಮಕ್ಕಳನ್ನ ಹೊಳೆ ದಾಟಿಸೋಕೆ ಹೋದವನ ಕಥೆ ಗೊತ್ತಲ್ಲ? ಲೆಕ್ಕ ಸರಿಯಾಗೇ ಇತ್ತು ಕಣ್ರಪ್ಪ, ಸಂಸಾರ ಮುಳುಗಿಹೋಯ್ತು.” ಅದಕ್ಕೇ ಅವರ ಹಾಳೆಯಲ್ಲಿ ಯಾವಾಗಲೂ ಎರಡು ಅಂಕಿ. ಮೊದಲು ಅಲೆಯ ಎತ್ತರ, ಅದರ ಕೆಳಗೆ ಕೆಂಪಿನಲ್ಲಿ ಒಂಟಿ ಅಲೆ ಎಷ್ಟರವರೆಗೆ ಎದ್ದೀತು ಎನ್ನುವುದು. ದೋಣಿ ಕಳಿಸುವ ಅಧಿಕಾರಿ ಹಾಳೆ ನೋಡಿ ಹೊರಡಿ ಎಂದರೂ, ದೋಣಿ ನಡೆಸುವವನು ಎರಡನ್ನೂ ಓದಿ ಸಹಿ ಹಾಕಬೇಕು. ಕೆಂಪು ಅಂಕಿ ಕಂಡು ಮನಸ್ಸು ಒಪ್ಪದಿದ್ದರೆ “ಇವತ್ತು ಆಗಲ್ಲ” ಎನ್ನುವ ಹಕ್ಕು ಅವನಿಗಿತ್ತು.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಸುಳ್ಳಲ್ಲ. ಮೇಷ್ಟ್ರ ಅಳಿಯ ಅದೇ ನೆಲೆಯಲ್ಲಿ ಸೈನಿಕರನ್ನು ದಂಡೆಗಿಳಿಸುವ ದೋಣಿ ನಡೆಸುತ್ತಿದ್ದ. ಮೇಷ್ಟ್ರ ಹೆಂಡತಿ ತೀರಿಕೊಂಡ ಮೇಲೆ ಮಗಳೂ ಅಳಿಯನೂ ಅವರ ಮನೆಯಲ್ಲೇ ಬಂದು ಇದ್ದರು. “ಮನೆಯಳಿಯನ ಪಾಡು ಯಾರಿಗೂ ಬೇಡ ಮಾವ. ಊಟದ ಜೊತೆ ದಿನಾ ಸಮುದ್ರದ ಪಾಠಾನೂ ಕೇಳಬೇಕು,” ಎಂದು ಅವನು ರೇಗಿಸುವುದು, “ತಿನ್ನಪ್ಪ, ಬಾಯಿ ಮುಚ್ಕೊಂಡು ತಿನ್ನು,” ಎಂದು ಇವರು ಗದರುವುದು, ನಡುವೆ ಮಗಳು ನಗುವುದು. ಗಂಡುಮಕ್ಕಳಿಲ್ಲದ ಮೇಷ್ಟ್ರಿಗೆ ಆ ಬಾಯಿಬಡುಕನೆಂದರೆ ಪ್ರಾಣ.

ಆವತ್ತು ಬೆಳಿಗ್ಗೆ ತಿಂಡಿ ತಿನ್ನುತ್ತಾ ಅಳಿಯ ಕೇಳಿದ: “ಮಾವ, ಇವತ್ತೆಷ್ಟು?”

ಲೆಕ್ಕವನ್ನು ಮೇಷ್ಟ್ರು ಹಿಂದಿನ ದಿನವೇ ಮುಗಿಸಿ ಹಾಳೆ ಕಳಿಸಿದ್ದರು. ಬಾಯಲ್ಲಿ ತುತ್ತು. “ಒಂದೂವರೆ,” ಎಂದರು. ಅಷ್ಟೇ. ಮನೆಯಲ್ಲಿ ತಟ್ಟೆ ಮುಂದೆ ಕೂತು ಕೆಂಪು ಅಂಕಿ ಯಾರು ಹೇಳುತ್ತಾರೆ? ಹೇಗೂ ಅವನು ಹಾಳೆ ಓದುತ್ತಾನಲ್ಲ!

“ನಮ್ಮ ದೋಣಿ ಎರಡು ಮೀಟರ್ ತನಕ ತಡೆಯುತ್ತೆ, ಹಾಗಾದ್ರೆ ಆರಾಮ,” ಎಂದು ಅಳಿಯ ಕೈ ತೊಳೆದು ಹೊರಟ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ದೋಣಿ ಇನ್ನೇನು ದಂಡೆ ಮುಟ್ಟಬೇಕು, ಮರಳದಿಬ್ಬದ ಮೇಲೆ ಆ ಒಂಟಿ ಅಲೆ ಎದ್ದು ಅಡ್ಡಡ್ಡವಾಗಿ ಬಡಿಯಿತು. ದೋಣಿ ಮಗುಚಿತು. ಸೈನಿಕರನ್ನೆಲ್ಲ ಎಳೆದು ದಂಡೆಗೆ ಹಾಕಿದರು. ನಡೆಸುತ್ತಿದ್ದವನು ಮಾತ್ರ ಅಡಿಯಲ್ಲಿ ಸಿಕ್ಕಿಕೊಂಡಿದ್ದ. ಅವನನ್ನು ಹೊರತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಗಳು ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ಹುಟ್ಟಿದಾಗಿನಿಂದ ಅಪ್ಪನಿಗೆ “ನೀನು” ಎನ್ನುತ್ತಿದ್ದವಳು, ಒಂದು ದಿನ ತಟ್ಟೆ ತಂದಿಟ್ಟು “ನೀವು ಊಟ ಮಾಡಿ” ಎಂದಳು. ಬೈದಿದ್ದರೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು.

ವಿಚಾರಣೆಗೆ ಬರಬೇಕೆಂದು ಮೇಷ್ಟ್ರಿಗೆ ಕರೆ ಬಂದ ದಿನ ಮಧ್ಯಾಹ್ನ, ಬಟ್ಟೆ ಮಡಿಸುತ್ತಾ ಮಗಳು ತಾನಾಗಿಯೇ ಬಾಯಿಬಿಟ್ಟಳು.

“ಆವತ್ತು ದೋಣಿ ಹೊರಡೋ ಮುಂಚೆ ಫೋನ್ ಮಾಡಿದ್ರು. ಹಾಳೆಯಲ್ಲಿ ಓದೋದೇನಿದೆ, ಮಾವ ಮನೇಲೇ ಹೇಳಿದಾರಲ್ಲ ಒಂದೂವರೆ ಅಂತ, ಸಹಿ ಹಾಕಿ ಕೊಟ್ಟೆ ಅಂದ್ರು. ನಗ್ತಾ ಅಂದ್ರು.”

ಮೇಷ್ಟ್ರು ಗೋಡೆ ಹಿಡಿದುಕೊಂಡರು. “ನಾಳೆ ವಿಚಾರಣೇಲಿ ಎಲ್ಲ ಹೇಳಿಬಿಡ್ತೀನಿ ಕಣಮ್ಮ. ಅರ್ಧ ಮಾತಾಡಿ ಹುಡುಗನ್ನ ಕೊಂದವನು ನಾನು. ಯಾವ ಶಿಕ್ಷೆ ಬೇಕಾದ್ರೂ ಕೊಡ್ಲಿ.”

“ಹೇಳಿದ್ರೆ ನಿಮ್ಮೆದೆ ಹಗುರ ಆಗುತ್ತೆ,” ಎಂದಳು ಮಗಳು. “ಅವರ ಗತಿ ಏನು? ಓದದೆ ಸಹಿ ಹಾಕಿದ, ತನ್ನ ತಪ್ಪಿಂದ ತಾನೇ ಸತ್ತ, ಇನ್ನಷ್ಟು ಜನಾನೂ ಸಾಯಿಸ್ತಿದ್ದ ಅಂತ ಬರೀತಾರೆ. ಕೆಂಪು ಅಂಕಿ ನೋಡಿಯೂ ಅವರನ್ನ ಕಳಿಸಿದ ಅಧಿಕಾರಿ ಕೈ ತೊಳ್ಕೊಂಡು ಮನೆಗೆ ಹೋಗ್ತಾನೆ. ಸತ್ತವರಿಗೆ ವಾಪಸ್ ಮಾತಾಡೋಕೆ ಬಾಯಿದೆಯಾ ಅಪ್ಪಾ?”

ನುಂಗಲೂ ಆಗದು, ಉಗುಳಲೂ ಆಗದು, ಮೇಷ್ಟ್ರಿಗೆ ಬಾಯೊಳಗಿನ ಬಿಸಿ ತುಪ್ಪವಾಯಿತು ಆ ಮಾತು. ಜೀವಮಾನವಿಡೀ ಒಂದೂ ಸುಳ್ಳು ಅಂಕಿ ಬರೆಯದ ಮನುಷ್ಯ, ಪಾಪ.

ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ಮೇಜಿನಾಚೆ ಮೂವರು ಅಧಿಕಾರಿಗಳು. ನಡುವಿನ ಹಿರಿಯರು ಹಾಳೆ ಎತ್ತಿ ತೋರಿಸಿದರು. ಎರಡು ಅಂಕಿಯೂ ಇದ್ದವು, ಕೆಳಗೆ ಅಳಿಯನ ಸಹಿಯಿತ್ತು. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಮೆಚ್ಚಿಯೂ ಬಿಟ್ಟರು. ಮೇಷ್ಟ್ರು ತಲೆಯೆತ್ತಲಿಲ್ಲ.

“ಒಂದೇ ಪ್ರಶ್ನೆ ಮೇಷ್ಟ್ರೇ. ಇಬ್ಬರೂ ಒಂದೇ ಮನೇಲಿ ಇದ್ದೋರು. ಆವತ್ತು ಈ ಅಲೆ ವಿಷಯ ಮನೇಲಿ ಏನಾದ್ರೂ ಮಾತಾಡಿದ್ರಾ?”

ಫ್ಯಾನು ತಿರುಗುತ್ತಿತ್ತು. ಬರೆದುಕೊಳ್ಳುವವನು ಪೆನ್ನು ಹಿಡಿದು ಕಾದ.

“ಇಲ್ಲ ಸಾರ್,” ಎಂದರು ಮೇಷ್ಟ್ರು. “ಮನೇಲಿ ನಾವು ಕೆಲಸದ ಮಾತು ಆಡ್ತಿರಲಿಲ್ಲ.”

“ಒಳ್ಳೇ ಅಭ್ಯಾಸ,” ಎಂದರು ಹಿರಿಯರು. “ನಿಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ. ನೀವಿನ್ನು ಹೊರಡಿ.”

ಹೊರಡಿ ಎಂದರೂ ಮೇಷ್ಟ್ರಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಅಷ್ಟು ದೊಡ್ಡ ಅಧಿಕಾರಿಗಳ ಎದುರಿಗೇ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಹಿರಿಯರು ತಾವೇ ಎದ್ದು ಬಂದು ನೀರಿನ ಲೋಟ ಹಿಡಿದು, ಬೆನ್ನು ಸವರಿದರು.

“ಅಳಬೇಡಿ ಮೇಷ್ಟ್ರೇ, ನಿಮ್ಮ ಕೈಲಾದದ್ದೆಲ್ಲ ನೀವು ಮಾಡಿದ್ದೀರಿ,” ಎಂದರು.